ಮಲೋಲೋಸಿನ ಇಪ್ಪತ್ತು ಹೆಣ್ಣುಮಕ್ಕಳು

ಕೇಳುಗರೆಲ್ಲರಿಗೂ ನಮಸ್ಕಾರ.

ಫಿಲಿಪ್ಪೀನ್ಸ್ ದೇಶದ ಮನಿಲಾದಿಂದ ಉತ್ತರಕ್ಕೆ ಹೋದರೆ ಬುಲಕಾನ್ ಎಂಬ ಪ್ರಾಂತ್ಯ ಸಿಗುತ್ತದೆ. ಅದರ ಮುಖ್ಯ ಊರು ಮಲೋಲೋಸ್. ಏಷ್ಯಾದ ಮೊದಲ ಗಣರಾಜ್ಯಗಳಲ್ಲಿ ಒಂದು ಇಲ್ಲೇ ತಲೆಯೆತ್ತಿತು. ಊರಿನ ಬರಸೋವಾಯಿನ್ ಚರ್ಚಿನ ಚಿತ್ರ ಆ ದೇಶದ 10 ಪೆಸೋ ನೋಟಿನ ಮೇಲೂ ಬಂದಿತ್ತು. ಆ ಚರ್ಚಿನ ಕಥೆ ಹೇಳಲೇಬೇಕು. ಆದರೆ ಅದಕ್ಕೂ ಹತ್ತು ವರ್ಷ ಹಿಂದೆ ನಡೆದದ್ದು ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

1888ರ ಡಿಸೆಂಬರ್ 12. ಸ್ಪೇನ್ ದೊರೆತನದ ಗವರ್ನರ್ ಜನರಲ್ ವಲೇರಿಯಾನೋ ವೈಲರ್ ಮಲೋಲೋಸಿಗೆ ಬಂದಿದ್ದ. ಊರಿನ ಇಪ್ಪತ್ತು ಹೆಣ್ಣುಮಕ್ಕಳು ಅವನ ಕೈಗೆ ಒಂದು ಅರ್ಜಿ ಕೊಟ್ಟರು. ಹೆಚ್ಚಿನವರು ಚೀನೀ ಮೂಲದ ಅನುಕೂಲಸ್ಥ ಮನೆತನಗಳವರು. ಅವರು ಕೇಳಿದ್ದು ಇಷ್ಟೇ: ನಮಗೆ ಸ್ಪ್ಯಾನಿಷ್ ಕಲಿಯಬೇಕು, ರಾತ್ರಿ ಶಾಲೆ ತೆರೆಯಲು ಅಪ್ಪಣೆ ಕೊಡಿ.

ಸಣ್ಣ ಬೇಡಿಕೆ ಅಲ್ವಾ? ಅಂದಿನ ಲೆಕ್ಕದಲ್ಲಿ ಖಂಡಿತ ಅಲ್ಲ. ಕಾನೂನು, ಕಚೇರಿ, ಪತ್ರಿಕೆ ಎಲ್ಲವೂ ಸ್ಪ್ಯಾನಿಷ್‌ನಲ್ಲಿ. ಜನ ಅದನ್ನು ಕಲಿತರೆ ಪಾದ್ರಿಗಳ ಹಿಡಿತ ಸಡಿಲವಾಗುತ್ತಿತ್ತು. ಊರಿನ ಪಾದ್ರಿ ಅಡ್ಡಬಂದ. ಹೆಣ್ಣುಮಕ್ಕಳು ಸುಮ್ಮನಾಗಲಿಲ್ಲ. ಮತ್ತೆ ಮತ್ತೆ ಕೇಳಿದರು. 1889ರ ಆರಂಭದಲ್ಲಿ ಅಪ್ಪಣೆ ಸಿಕ್ಕಿತು, ಷರತ್ತುಗಳ ಜೊತೆಗೆ. ಖರ್ಚು ಅವರದೇ, ಪಾಠ ರಾತ್ರಿ ಅಲ್ಲ, ಹಗಲಲ್ಲಿ. ಕಲಿಸಲು ಗ್ವಾದಲೂಪೆ ರೆಯೆಸ್ ಎಂಬ ಮಹಿಳೆ ಬಂದರು. ಶಾಲೆ ನಡೆದದ್ದು ಕೆಲವೇ ತಿಂಗಳು.

ಆದರೆ ಸುದ್ದಿ ಯೂರೋಪಿನವರೆಗೂ ಹೋಗಿತ್ತು. ಬುಲಕಾನಿನವರೇ ಆದ ಪತ್ರಕರ್ತ ಮಾರ್ಸೆಲೋ ಡೆಲ್ ಪಿಲಾರ್ ಕೇಳಿಕೊಂಡರೆಂದು ಲಂಡನ್ನಿನಲ್ಲಿದ್ದ ಫಿಲಿಪ್ಪೀನ್ಸ್ ಲೇಖಕ ಹೊಸೆ ರಿಸಾಲ್ ಈ ಹೆಣ್ಣುಮಕ್ಕಳಿಗೆ ತಗಾಲೋಗ್ ಭಾಷೆಯಲ್ಲಿ ಉದ್ದನೆಯ ಪತ್ರ ಬರೆದರು. ಪಾದ್ರಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಭಕ್ತಿಯಲ್ಲ. ತಾಯಿ ತಲೆಬಾಗಿಯೇ ಬದುಕಿದರೆ ಮಕ್ಕಳು ತಲೆಯೆತ್ತಿ ನಿಲ್ಲುವುದು ಹೇಗೆ? ಪತ್ರದ ತಿರುಳು ಇದು. 1896ರ ಡಿಸೆಂಬರ್ 30ರಂದು ಸ್ಪೇನ್ ಆಡಳಿತ ರಿಸಾಲರನ್ನು ಗುಂಡಿಕ್ಕಿ ಕೊಂದಿತು.

ಅಷ್ಟರಲ್ಲಿ ದಂಗೆ ಎದ್ದಾಗಿತ್ತು. 1898ರ ಸೆಪ್ಟೆಂಬರ್ 15ರಂದು ದಂಗೆಯ ನಾಯಕ ಎಮಿಲಿಯೋ ಅಗಿನಾಲ್ಡೋ ಕರೆದ ಕಾಂಗ್ರೆಸ್, ಅಂದರೆ ಪ್ರತಿನಿಧಿಗಳ ಸಭೆ, ಬರಸೋವಾಯಿನ್ ಚರ್ಚಿನಲ್ಲಿ ಸೇರಿತು. ವಕೀಲರು, ವೈದ್ಯರು, ಓದಿಕೊಂಡವರೇ ಜಾಸ್ತಿ. ಸಂವಿಧಾನ ಬರೆಯುವಾಗ ದೊಡ್ಡ ಜಗಳವೆದ್ದದ್ದು ಧರ್ಮದ ಬಗ್ಗೆ. ಕ್ಯಾಥೊಲಿಕ್ ಧರ್ಮ ಸರ್ಕಾರದ ಧರ್ಮ ಆಗಬೇಕೇ, ಬೇಡವೇ? ಮೊದಲು ಮತಗಳು ಸಮಸಮ ಬಂದವು. ಮತ್ತೆ ಮತ ಹಾಕಿದಾಗ, ಒಂದೇ ಒಂದು ಮತದಿಂದ, ಸರ್ಕಾರ ಬೇರೆ ಚರ್ಚು ಬೇರೆ ಎಂದಾಯಿತು. ಕೂತಿದ್ದು ಚರ್ಚಿನೊಳಗೆ, ಬಂದವರಲ್ಲಿ ಬಹುಪಾಲು ಕ್ಯಾಥೊಲಿಕರು. ಆ ಒಂದು ಮತದ ಎದೆಗಾರಿಕೆಗೆ ನಾನು ಮನಸಾರೆ ತಲೆಬಾಗುತ್ತೇನೆ.

1899ರ ಜನವರಿ 23ರಂದು ಗಣರಾಜ್ಯ ಘೋಷಣೆಯಾಯಿತು. ಅಗಿನಾಲ್ಡೋ ಅಧ್ಯಕ್ಷ, ಮಲೋಲೋಸ್ ರಾಜಧಾನಿ. ಊರಿನ ಇನ್ನೊಂದು ದೊಡ್ಡ ಚರ್ಚು ಅಧ್ಯಕ್ಷರ ನಿವಾಸ. ಆ ಹೊತ್ತಿಗೆ ಅಮೆರಿಕದ ಜೊತೆಗಿನ ಯುದ್ಧದಲ್ಲಿ ಸೋತಿದ್ದ ಸ್ಪೇನ್ ಇಡೀ ದೇಶವನ್ನು 2 ಕೋಟಿ ಡಾಲರಿಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತ್ತು. ಅಲ್ಲಿನ ಜನರನ್ನು ಯಾರೂ ಕೇಳಿರಲಿಲ್ಲ. ಫೆಬ್ರುವರಿ 4ರ ರಾತ್ರಿ ಮನಿಲಾದ ಅಂಚಿನಲ್ಲಿ ಗುಂಡು ಹಾರಿತು. ಮಾರ್ಚ್ 31ಕ್ಕೆ ಅಮೆರಿಕದ ಸೈನ್ಯ ಮಲೋಲೋಸಿಗೆ ನುಗ್ಗಿತು. ಹಿಂದೆ ಸರಿಯುತ್ತಿದ್ದ ಫಿಲಿಪ್ಪೀನ್ಸ್ ಸೈನಿಕರು ತಮ್ಮ ಅಧ್ಯಕ್ಷರಿದ್ದ ಚರ್ಚಿಗೆ ತಾವೇ ಬೆಂಕಿಯಿಟ್ಟರು. ಶತ್ರುವಿಗೆ ದಕ್ಕಬಾರದು ಅಂತ. ಅಗಿನಾಲ್ಡೋ ಊರಿಂದ ಊರಿಗೆ ಸರಿಯುತ್ತಾ ಹೋಗಿ, 1901ರ ಮಾರ್ಚಿನಲ್ಲಿ ಪಲನಾನ್ ಎಂಬಲ್ಲಿ ಸೆರೆಸಿಕ್ಕರು.

ಸುಟ್ಟ ಚರ್ಚನ್ನು ಆಮೇಲೆ ಮತ್ತೆ ಕಟ್ಟಿದರು. ಇಂದು ಪ್ರವಾಸಿಗರು ಹೆಚ್ಚಾಗಿ ನೋಡುವುದು ಚರ್ಚುಗಳನ್ನೇ. ನನ್ನ ಮಾತು ಕೇಳಿದರೆ, ಆ ಹೆಣ್ಣುಮಕ್ಕಳ ಮುಂದಾಳಾಗಿದ್ದ ಆಲ್ಬರ್ಟಾ ವಿತಾಂಗ್ಕೋಯ್ ಅವರ ಮನೆಗೂ ಹೋಗಬೇಕು. ಈಗ ಅದು ಅವರೆಲ್ಲರ ನೆನಪಿನ ವಸ್ತುಸಂಗ್ರಹಾಲಯ. ಬರಸೋವಾಯಿನ್‌ನಲ್ಲಿ ಕೂತ ಕಾಂಗ್ರೆಸ್‌ನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಫಿಲಿಪ್ಪೀನ್ಸ್ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 1937ರಲ್ಲಿ, ಆ ಅರ್ಜಿ ಕೊಟ್ಟು ಸುಮಾರು ಐವತ್ತು ವರ್ಷಗಳ ಮೇಲೆ.

ನಮಸ್ಕಾರ.