ಸಡಿಲವಾದ ಹಿಡಿಗೆ ಅಂಟು ಮದ್ದಲ್ಲ

ಈ ತುಂಡನ್ನು ಕ್ಯಾಮೆರಾದ ಹತ್ತಿರ ಹಿಡಿಯುತ್ತೇನೆ, ನೋಡಿ. ಇದು ನಾನೇ ಕಟ್ಟಿದ ಗಾಳದ ರಾಡಿನ ಬುಡ. ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದ್ದೇನೆ. ಹೊರಗೆ ಕಾರ್ಕ್, ಅದರೊಳಗೆ ಕಂದು ಬಣ್ಣಕ್ಕೆ ತಿರುಗಿದ ಮಾಸ್ಕಿಂಗ್ ಟೇಪ್, ನಡುವೆ ಅಲ್ಲಲ್ಲಿ ಗಾಜಿನಂತೆ ಗಟ್ಟಿಯಾದ ಅಂಟಿನ ಚೂರುಗಳು. ಟೇಪನ್ನು ಉಗುರಿನಿಂದ ಕೆರೆದರೆ ನೆನೆದ ಕಾಗದದ ಹಾಗೆ ಕಿತ್ತುಬರುತ್ತದೆ.

ಹೋದ ಸೆಪ್ಟೆಂಬರಿನಲ್ಲಿ ಬೆಂಗ್ರೆಯ ಅಳಿವೆಬಾಗಿಲಿನ ಕಲ್ಲುಗಳ ಮೇಲೆ ನಿಂತಿದ್ದಾಗ ಈ ರಾಡಿಗೆ ಒಂದು ಮುರು ಮೀನು ಬಿತ್ತು. ಮುರು ಗಾಳ ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುತ್ತದೆ. ಮೊದಲ ಕೆಲವು ಕ್ಷಣಗಳಲ್ಲಿ ಎಳೆದು ಹೊರಗೆ ತರದಿದ್ದರೆ ಮುಗಿಯಿತು. ನಾನು ರಾಡ್ ಎತ್ತಿದೆ. ರಾಡ್ ಬಾಗಿತು, ಆದರೆ ಹಿಡಿ ನನ್ನ ಕೈಯೊಳಗೇ ತಿರುಗಿತು. ದಾರ ಸುತ್ತುವ ರೀಲ್ ಒಂದು ದಿಕ್ಕಿಗೆ, ದಾರ ಹಾದುಹೋಗುವ ಬಳೆಗಳು, ಅಂದರೆ ಗೈಡುಗಳು, ಇನ್ನೊಂದು ದಿಕ್ಕಿಗೆ. ದಾರ ಕಲ್ಲಿಗೆ ತಾಗಿ ತುಂಡಾಯಿತು. ಮೀನು ತಪ್ಪಿದ್ದಕ್ಕೆ ನನಗೆ ಬೇಸರವಿಲ್ಲ, ತಪ್ಪುವುದು ಸಮುದ್ರದಲ್ಲಿ ನಿತ್ಯದ ಮಾತು. ಆದರೆ ಬಾಯಿಯಲ್ಲಿ ಗಾಳ, ಹಿಂದೆ ಉದ್ದದ ದಾರ ಎಳೆದುಕೊಂಡು ಒಂದು ಜೀವ ಆ ಸಂದಿಯಲ್ಲಿ ಉಳಿಯಿತಲ್ಲ, ಅದು ನನ್ನ ಕೆಲಸದ ದೋಷದಿಂದ. ಅದಕ್ಕೇ ಈ ತುಂಡನ್ನು ಎಸೆಯದೆ ಇಟ್ಟುಕೊಂಡಿದ್ದೇನೆ.

ಮೊದಲು ನಾನು ಅಂಟನ್ನು ದೂರಿದೆ. ಬೇರೆ ಕಂಪೆನಿಯ ಅಂಟು ತಂದರೆ ಸರಿಹೋಗುತ್ತದೆ ಎಂದುಕೊಂಡೆ. ಸೀಳಿ ನೋಡಿದ ಮೇಲೆ ಗೊತ್ತಾಯಿತು, ಅಂಟಿನ ತಪ್ಪೇನೂ ಇರಲಿಲ್ಲ. ಅದು ಮಾಡಬಾರದ ಕೆಲಸವನ್ನು ನಾನು ಅದರ ಮೇಲೆ ಹೊರಿಸಿದ್ದೆ. ಹಿಡಿಯ ರಂಧ್ರ ದೊಡ್ಡದಾಗಿತ್ತು, ಆ ಸಂದನ್ನು ಟೇಪು ಮತ್ತು ಅಂಟಿನಿಂದ ತುಂಬಿಸಿದ್ದೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ: ರಂಧ್ರ ಸರಿಯಾಗಿ ಕೊರೆಯದಿದ್ದರೆ ಯಾವ ಅಂಟೂ ಆ ಹಿಡಿಯನ್ನು ಉಳಿಸುವುದಿಲ್ಲ. ರಾಡ್ ಕಟ್ಟುವವರು ಗೈಡುಗಳಿಗೆ ನೂಲು ಸುತ್ತುವುದಕ್ಕೆ ಎರಡು ಸಂಜೆ ಕೊಡುತ್ತಾರೆ, ಬಣ್ಣ ಆರಿಸುವುದಕ್ಕೆ ಒಂದು ವಾರ ಕೊಡುತ್ತಾರೆ, ಹಿಡಿಗೆ ಮಾತ್ರ ಅರ್ಧ ಗಂಟೆ. ಈ ಲೆಕ್ಕ ತಲೆಕೆಳಗಾಗಿದೆ.

ನಮ್ಮ ತೋಟದ ಪಿಕ್ಕಾಸನ್ನು ನೆನಪಿಸಿಕೊಳ್ಳಿ. ಅದರ ಮರದ ಹಿಡಿ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಪೂರ. ಸಪೂರ ತುದಿಯಿಂದ ಕಬ್ಬಿಣವನ್ನು ಏರಿಸಿ ದಪ್ಪ ತುದಿಯವರೆಗೆ ತರುತ್ತೇವೆ, ಅಲ್ಲಿ ಅದು ಕಚ್ಚಿ ನಿಲ್ಲುತ್ತದೆ. ಅಗೆದಷ್ಟೂ ಬಿಗಿಯಾಗುತ್ತದೆ. ಅಲ್ಲಿ ಅಂಟೂ ಇಲ್ಲ, ಆಣಿಯೂ ಇಲ್ಲ. ಹಿಡಿ ಹಾಕಿಕೊಡುತ್ತಿದ್ದ ಆಚಾರಿ ಮರವನ್ನು ನಾಲ್ಕು ಸಲ ಕೆತ್ತುತ್ತಿದ್ದರು, ನಾಲ್ಕು ಸಲ ಕಬ್ಬಿಣಕ್ಕೆ ತೂರಿಸಿ ನೋಡುತ್ತಿದ್ದರು. ರಾಡಿನ ಬ್ಲ್ಯಾಂಕ್, ಅಂದರೆ ಹಿಡಿ, ರೀಲನ್ನು ಕೂರಿಸುವ ರೀಲ್ ಸೀಟ್, ಗೈಡು ಯಾವುದೂ ಇಲ್ಲದ ಬರಿಯ ಕೋಲು, ಅದೂ ಹೀಗೆಯೇ ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಪೂರ. ಹಿಡಿಯನ್ನು ತುದಿಯಿಂದ ತೂರಿಸಿ ಬುಡಕ್ಕೆ ಇಳಿಸುತ್ತೇವೆ.

ಕಾರ್ಕಿನಲ್ಲಿ ತಪ್ಪಾಗುವುದು ಇಲ್ಲಿಯೇ. ಅಂಗಡಿಯಲ್ಲಿ ಸಿಗುವ ಕಾರ್ಕ್ ಬಿಲ್ಲೆ ಸಾಮಾನ್ಯವಾಗಿ ಅರ್ಧ ಇಂಚು ದಪ್ಪ, ನಡುವೆ ಕಾಲು ಇಂಚಿನ ರಂಧ್ರ. ಹನ್ನೆರಡು ಬಿಲ್ಲೆ ಜೋಡಿಸಿದರೆ ಆರು ಇಂಚಿನ ಹಿಡಿ. ಆ ರಂಧ್ರ ಉದ್ದಕ್ಕೂ ಒಂದೇ ಅಳತೆಯದು. ಬ್ಲ್ಯಾಂಕಿನ ದಪ್ಪವಾದ ಜಾಗಕ್ಕೆ ಸರಿಯಾಗಿ ಡ್ರಿಲ್ಲಿನಿಂದ ಒಂದೇ ಸಮನೆ ಕೊರೆದರೆ ಕೆಳಗೆ ಕಚ್ಚುತ್ತದೆ, ಮೇಲ್ತುದಿಯಲ್ಲಿ ಸಂದು ಉಳಿಯುತ್ತದೆ. ಕೈಗೆ ಹಿಡಿ ಬಿಗಿಯಾಗಿದೆ ಎಂದೇ ಅನಿಸುತ್ತದೆ, ಏಕೆಂದರೆ ಒಂದು ತುದಿ ಬಿಗಿಯಾಗಿದೆ. ಉಪ್ಪುನೀರು ಒಳಗೆ ಹೋಗುವುದು ಇನ್ನೊಂದು ತುದಿಯಿಂದ.

ಇದಕ್ಕೆ ಬೇಕಾದ ಉಪಕರಣವನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಮುರಿದ ಹಳೆಯ ರಾಡಿನ ಒಂದು ಉದ್ದ ತುಂಡು ಸಾಕು. ಒರಟು ಮರಳುಕಾಗದವನ್ನು ಒಂದು ಬೆರಳು ಅಗಲದ ಪಟ್ಟಿಯಾಗಿ ಕತ್ತರಿಸಿ, ಅದರ ಮೇಲೆ ಸುರುಳಿಯಾಗಿ ಸುತ್ತಿ ಅಂಟಿಸಿ. ಆ ತುಂಡಿಗೂ ಬ್ಲ್ಯಾಂಕಿನದೇ ರೀತಿಯ ಇಳಿಜಾರು ಇರುವುದರಿಂದ ರಂಧ್ರವೂ ಅದೇ ಇಳಿಜಾರಿನಲ್ಲಿ ಅಗಲವಾಗುತ್ತದೆ. ಹಿಡಿಯನ್ನು ಕೈಯಲ್ಲಿ ತಿರುಗಿಸುತ್ತಾ ಉಜ್ಜಿ. ಒಂದೇ ಕಡೆಗೆ ಒತ್ತಿದರೆ ರಂಧ್ರ ನಡುವಿನಿಂದ ಸರಿಯುತ್ತದೆ, ಹಿಡಿ ಒಂದು ಬದಿಗೆ ಉಬ್ಬಿದಂತೆ ಕಾಣುತ್ತದೆ. ಹತ್ತು ಸುತ್ತು ಉಜ್ಜಿ ಒಮ್ಮೆ ತೂರಿಸಿ ನೋಡಿ. ಇನ್ನೂ ಎರಡು ಇಂಚು ಇಳಿಯಬೇಕಾಗಿದ್ದರೆ ಐದು ಸುತ್ತು. ಕೊನೆಯ ಅರ್ಧ ಇಂಚಿಗೆ ಎರಡೇ ಸುತ್ತು. ಅಂಟಿಲ್ಲದ ಹಿಡಿ ಸಾಧಾರಣ ಕೈಯೊತ್ತಡಕ್ಕೆ ಬ್ಲ್ಯಾಂಕಿನಲ್ಲಿ ಅದು ನಿಲ್ಲಬೇಕಾದ ಗುರುತಿನವರೆಗೆ ಇಳಿಯಬೇಕು, ಇಳಿದ ಮೇಲೆ ಎಲ್ಲಿಯೂ ಅಲುಗಬಾರದು. ಅದಕ್ಕಿಂತ ಬಿಗಿ ಮಾಡಿ ಬಲವಂತವಾಗಿ ನೂಕಿದರೆ ಕಾರ್ಕ್ ಬಿಲ್ಲೆಯ ಅಂಚಿನಲ್ಲಿ ಬಿರಿಯುತ್ತದೆ. ಕಾರ್ಕನ್ನು ಅದುಮಬಹುದು, ಹಿಗ್ಗಿಸಲು ಬರುವುದಿಲ್ಲ. ಈ ಕೆಲಸಕ್ಕೆ ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಗುತ್ತದೆ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಕಾರ್ಕಿನ ಬದಲು ಹಿಡಿಗೆ ಹಾಕುವ ಇವಿಎ ಎಂಬ ಮೆತ್ತನೆಯ ಫೋಮಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಹಿಗ್ಗುತ್ತದೆ, ಆದ್ದರಿಂದ ರಂಧ್ರ ಬ್ಲ್ಯಾಂಕಿಗಿಂತ ಎರಡು ಮಿಲಿಮೀಟರಿನಷ್ಟು ಚಿಕ್ಕದಾಗಿಯೇ ಇರಬೇಕು. ಆದರೆ ಫೋಮ್ ಅಗಲಕ್ಕೆ ಮಾತ್ರವಲ್ಲ, ಉದ್ದಕ್ಕೂ ಹಿಗ್ಗುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಅದನ್ನು ಕೈಯಿಂದ ಹಿಡಿದು ಕೆಳಗೆ ಎಳೆದರೆ ರಬ್ಬರಿನಂತೆ ಉದ್ದವಾಗಿ ಗುರುತು ಮುಟ್ಟುತ್ತದೆ. ನೋಡಲು ಚೆನ್ನಾಗಿರುತ್ತದೆ. ಬೆಳಗಾಗುವಷ್ಟರಲ್ಲಿ ಮೆಲ್ಲನೆ ಹಿಂದಕ್ಕೆ ಸೇದಿಕೊಂಡು ರೀಲ್ ಸೀಟಿನ ಪಕ್ಕದಲ್ಲಿ ಒಂದು ಕಪ್ಪು ಸಂದು ತೆರೆದಿರುತ್ತದೆ. ಎಳೆಯಬೇಡಿ, ಮೇಲಿನ ತುದಿಯಿಂದ ನೂಕಿ. ಒಂದು ದಪ್ಪ ಹಲಗೆಗೆ ಬ್ಲ್ಯಾಂಕ್ ಸರಾಗವಾಗಿ ಹೋಗುವಷ್ಟು ರಂಧ್ರ ಮಾಡಿ, ಅದನ್ನು ತುದಿಯಿಂದ ತೂರಿಸಿ, ಫೋಮಿನ ತಲೆಯ ಮೇಲೆ ಇಟ್ಟು ಎರಡೂ ಕೈಯಿಂದ ಒತ್ತಿ. ಫೋಮ್ ಸ್ವಲ್ಪ ಕುಗ್ಗಿದ ಸ್ಥಿತಿಯಲ್ಲೇ ನಿಲ್ಲಬೇಕು. ಜಾರುವುದಕ್ಕೆ ಸಾಬೂನುನೀರು ಹಾಕುವವರಿದ್ದಾರೆ, ನಾನು ಹಾಕುವುದಿಲ್ಲ. ಬ್ಲ್ಯಾಂಕಿಗೆ ಸವರಿದ ಅಂಟೇ ಜಾರಿಸುತ್ತದೆ.

ಈಗ ರೀಲ್ ಸೀಟಿನ ವಿಷಯ. ಅದರ ರಂಧ್ರ ಬ್ಲ್ಯಾಂಕಿಗಿಂತ ಸಾಮಾನ್ಯವಾಗಿ ದೊಡ್ಡದು, ಅಲ್ಲಿ ಏನನ್ನಾದರೂ ಸುತ್ತಲೇಬೇಕು. ಮಾಸ್ಕಿಂಗ್ ಟೇಪನ್ನು ಅಗಲಕ್ಕೆ ಇಡಿಯಾಗಿ ಸುತ್ತುವುದು ಎಲ್ಲ ಕಡೆ ನಡೆಯುತ್ತಿದೆ. ಸಿಹಿನೀರಿನ ರಾಡುಗಳು ಹಾಗೆಯೇ ವರ್ಷಗಟ್ಟಲೆ ಬಾಳಿವೆ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಲ್ಪೆಯಲ್ಲಿ, ಸಸಿಹಿತ್ಲುವಿನಲ್ಲಿ, ತಣ್ಣೀರುಬಾವಿಯಲ್ಲಿ ಅಲೆಯ ತುಂತುರು ದಿನವಿಡೀ ರೀಲ್ ಸೀಟಿನ ಮೇಲೆ ಬೀಳುತ್ತದೆ. ಟೇಪ್ ಎಂದರೆ ಕಾಗದ, ಕಾಗದ ನೀರು ಕುಡಿಯುತ್ತದೆ. ಟೇಪೇ ಬೇಕೆಂದಿದ್ದರೆ ಸಪೂರ ಪಟ್ಟಿಗಳಾಗಿ ಸುತ್ತಿ, ನಡುವೆ ಜಾಗ ಬಿಟ್ಟು, ಆ ಜಾಗಗಳಲ್ಲಿ ಅಂಟು ನೇರವಾಗಿ ಬ್ಲ್ಯಾಂಕನ್ನು ಮುಟ್ಟುವಂತೆ ಮಾಡಿ. ಎರಡೂ ಕೊನೆಗಳಲ್ಲಿ ಟೇಪಿನ ಅಂಚು ಅಂಟಿನಿಂದ ಮುಚ್ಚಿರಲಿ. ನಾನು ಈಗ ಬಳಸುವುದು ಜಿಪ್ಸಮ್ ಸೀಲಿಂಗ್ ಕೆಲಸದವರು ಬಿರುಕಿಗೆ ಅಂಟಿಸುವ ಫೈಬರ್ ಗ್ಲಾಸ್ ಜಾಲರಿ ಟೇಪ್. ಅದರ ಕಣ್ಣುಕಣ್ಣಿನಲ್ಲೂ ಅಂಟು ಹೊಕ್ಕು ಒಟ್ಟಿಗೆ ಗಟ್ಟಿಯಾಗುತ್ತದೆ, ಅಲ್ಲಿ ನೆನೆಯುವ ವಸ್ತುವೇ ಇರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ.

ಅಂಟಿನ ಬಗ್ಗೆಯೂ ಹೇಳುತ್ತೇನೆ, ಏಕೆಂದರೆ ನಮ್ಮ ಊರಿನಲ್ಲಿ ಅದಕ್ಕೊಂದು ಬೇರೆಯೇ ತೊಡಕಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ಕಡಲು ಕೆರಳಿರುವುದರಿಂದ ದಡದಲ್ಲಿ ಗಾಳ ಹಾಕುವವರೂ ಮನೆಯಲ್ಲೇ ಇರುತ್ತಾರೆ. ಹೊಸ ರಾಡ್ ಕಟ್ಟುವ ಹುಮ್ಮಸ್ಸು ಬರುವುದು ಅದೇ ತಿಂಗಳುಗಳಲ್ಲಿ, ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಅಂಟಿಗೆ ಅತ್ಯಂತ ಕೆಟ್ಟ ಕಾಲವೂ ಅದೇ. ಗಾಳಿಯ ತೇವ ಹೆಚ್ಚಾದಾಗ ಎಪಾಕ್ಸಿ ಗಟ್ಟಿಯಾಗುವ ಹೊತ್ತಿನಲ್ಲಿ ಮೇಲೆ ಮೇಣದಂಥ ಜಿಗುಟು ಪೊರೆ ಕಟ್ಟಬಹುದು. ಈ ಸೀಳಿದ ರಾಡನ್ನು ನಾನು ಕಟ್ಟಿದ್ದು ಜುಲೈಯಲ್ಲಿ, ಅದೂ ಐದು ನಿಮಿಷದಲ್ಲಿ ಹಿಡಿಯುವ ಅಂಟಿನಿಂದ. ಅಂಥ ಅಂಟು ರೀಲ್ ಸೀಟನ್ನು ಗೈಡುಗಳ ನೇರಕ್ಕೆ ತರುವಷ್ಟು ಸಮಯವನ್ನೂ ಕೊಡುವುದಿಲ್ಲ. ನಿಧಾನವಾಗಿ ಗಟ್ಟಿಯಾಗುವ, ಪೂರ್ತಿ ಒಂದು ದಿನ ತೆಗೆದುಕೊಳ್ಳುವ ಅಂಟನ್ನೇ ಆರಿಸಿ. ಅದರ ಜೊತೆ ಬಂದ ಕಾಗದ ಹೇಳಿದ ಅಳತೆಯಲ್ಲೇ ಎರಡೂ ಭಾಗಗಳನ್ನು ತೆಗೆದು, ಬಣ್ಣ ಒಂದೇ ಆಗುವವರೆಗೆ ಕಲಸಿ. ಬ್ಲ್ಯಾಂಕಿನ ಹೊಳಪನ್ನು ನಯವಾದ ಮರಳುಕಾಗದದಿಂದ ಹಗುರವಾಗಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಆರಿದ ಕೂಡಲೇ ಅಂಟು ಸವರಿ. ಮಳೆ ಸುರಿಯುತ್ತಿದ್ದರೆ ಆ ದಿನ ಬೇಡ.

ಕಾರ್ಕ್ ಒಳ್ಳೆಯದೋ ಫೋಮೋ ಎಂದು ಕೇಳುವವರಿಗೆ ನನ್ನ ಉತ್ತರ ಸ್ಪಷ್ಟ. ಕಲ್ಲಿನ ಮೇಲೆ ನಿಂತು ಕಡಲಿಗೆ ಬೀಸುವ ಉದ್ದ ರಾಡಿಗೆ ಇವಿಎ. ಅದು ನೀರು ಹೀರುವುದಿಲ್ಲ, ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ, ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆದರೆ ಆಯಿತು. ಫಲ್ಗುಣಿಯ ಹಿನ್ನೀರಿನಲ್ಲಿ, ಉದ್ಯಾವರ ಹೊಳೆಯಲ್ಲಿ ಕಾಣೆ ಮೀನಿಗೆ ಹಾಕುವ ಹಗುರ ರಾಡಿಗೆ ಕಾರ್ಕ್, ಅದೂ ಒಳ್ಳೆಯ ದರ್ಜೆಯದು. ಕಾಣೆ ಕಚ್ಚುವುದು ಬೆರಳಿನಿಂದ ತಟ್ಟಿದಷ್ಟೇ ಮೆಲ್ಲಗೆ. ಅಂಥ ತಟ್ಟು ಕಾರ್ಕಿನ ಮೂಲಕ ನನ್ನ ಅಂಗೈಗೆ ಬರುವಷ್ಟು ಸ್ಪಷ್ಟವಾಗಿ ಫೋಮಿನ ಮೂಲಕ ಬಂದದ್ದಿಲ್ಲ. ಅಗ್ಗದ ಕಾರ್ಕ್ ಮಾತ್ರ ತರಬೇಡಿ. ಅದರ ಹೊಂಡಗಳನ್ನು ಪುಡಿ ಮತ್ತು ಅಂಟಿನಿಂದ ತುಂಬಿ ನಯ ಮಾಡಿರುತ್ತಾರೆ, ಕೆಲವು ಸಲ ಕಡಲಿಗೆ ಹೋಗಿ ಬಂದ ಮೇಲೆ ಆ ಪುಡಿಯೆಲ್ಲ ಉದುರುತ್ತದೆ.

ಕಾರ್ಕ್ ಎಂದರೆ ಒಂದು ಜಾತಿಯ ಓಕ್ ಮರದ ತೊಗಟೆ. ಜಗತ್ತಿಗೆ ಅತಿ ಹೆಚ್ಚು ಕಾರ್ಕ್ ಕೊಡುವ ದೇಶ ಪೋರ್ಚುಗಲ್. ಮರಕ್ಕೆ ಸುಮಾರು 25 ವರ್ಷ ಆದ ಮೇಲೆ ಮೊದಲ ಸಲ ತೊಗಟೆ ಸುಲಿಯುತ್ತಾರೆ, ಮರವನ್ನು ಕಡಿಯುವುದಿಲ್ಲ. ಮತ್ತೆ ಸುಲಿಯಲು ಕನಿಷ್ಠ 9 ವರ್ಷ ಕಾಯಬೇಕು. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿಡುತ್ತಾರೆ. 2024ರಲ್ಲಿ ಸುಲಿದಿದ್ದರೆ 4. ನಯವಾದ ಕಾರ್ಕ್ ಬರುವುದು ಮೂರನೆಯ ಸುಲಿತದಿಂದ, ಅಂದರೆ ಮರಕ್ಕೆ ನಲವತ್ತು ದಾಟಿದ ಮೇಲೆ. ಇದನ್ನು ತಿಳಿದ ದಿನದಿಂದ ಒಂದು ಬಿಲ್ಲೆಯನ್ನೂ ಅವಸರದಲ್ಲಿ ಕೊರೆದು ಹಾಳು ಮಾಡಲು ನನಗೆ ಮನಸ್ಸಾಗುವುದಿಲ್ಲ.

ಹಿಂದೆ ಗೋಡೆಗೆ ಒರಗಿಸಿಟ್ಟ ರಾಡ್ ಕಾಣುತ್ತಿದೆಯಲ್ಲ, ಅದಕ್ಕೆ ಇಂದು ಬೆಳಿಗ್ಗೆ ಹಿಡಿ ಹಾಕಿದ್ದೇನೆ. ಮೂರು ದಿನದಿಂದ ಬಿಸಿಲಿದೆ. ನಾಳೆ ಸಂಜೆಯವರೆಗೆ ಅದನ್ನು ಮುಟ್ಟುವುದಿಲ್ಲ. ಆಮೇಲೆ ಎರಡೂ ಕೈಯಿಂದ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ ನೋಡುತ್ತೇನೆ. ಕೂದಲೆಳೆಯಷ್ಟು ಅಲುಗಿದರೂ ಕೊಯ್ದು ತೆಗೆದು ಮತ್ತೆ ಮೊದಲಿನಿಂದ ಮಾಡುತ್ತೇನೆ.