ಈ ಮೆಣಸು ಎಲ್ಲಿ ಬೆಳೆದದ್ದು?

ಬೆಳಿಗ್ಗೆ ಏಳು ಗಂಟೆ. ಮಾತಲೆ. ಶ್ರೀಲಂಕಾದ ನಡುಭಾಗದ ಊರು ಇದು, ಕ್ಯಾಂಡಿಯಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿ. ಕಾರಿನ ಕಿಟಕಿ ಇಳಿಸಿದ್ದೆ. ಒಂದು ತಿರುವಿನಲ್ಲಿ ವಾಸನೆ ಬಂತು ನೋಡಿ, ಕಣ್ಣು ಮುಚ್ಚಿದ್ದರೆ ನಮ್ಮ ಮನೆ ಕಣದಲ್ಲೇ ನಿಂತಿದ್ದೇನೆ ಅನ್ನಬೇಕು. ಹಸಿ ಮೆಣಸು ಬಿಸಿಲಿಗೆ ಕಪ್ಪಾಗುವಾಗ ಬರುತ್ತದಲ್ಲ, ಆ ವಾಸನೆ. "ಅಣ್ಣ, ಒಂದು ನಿಮಿಷ ನಿಲ್ಲಿಸಿ" ಅಂದೆ.

ಈ ವಿಡಿಯೋದಲ್ಲಿ ಈಗ ನೀವು ನೋಡುತ್ತಿರುವುದು ಅದೇ ಜಾಗ. ರಸ್ತೆ ಅಂಚಿಗೆ ಗೋಣಿತಾಟು ಹಾಸಿದ್ದಾರೆ. ಅದರ ಮೇಲೆ ಮೆಣಸು. ಅರ್ಧ ಹಸಿರು, ಅರ್ಧ ಕಂದು, ಅಂಚಿನಲ್ಲಿ ಆಗಲೇ ಕಪ್ಪು. ಅಜ್ಜ ಒಬ್ಬರು ಬರಿಗಾಲಲ್ಲಿ ಅದರ ನಡುವೆ ನಡೆಯುತ್ತಾ ಪಾದದಿಂದಲೇ ಕಾಳು ಮಗುಚುತ್ತಿದ್ದಾರೆ. ನಮ್ಮಪ್ಪ ಮಗುಚುವುದೂ ಹೀಗೇ. ಹೆಜ್ಜೆ ಎತ್ತುವುದಿಲ್ಲ, ಎಳೆಯುತ್ತಾರೆ. ಹಿಂದೆ ಸಾಲು ಸಾಲು ಗೆರೆ ಬೀಳುತ್ತದೆ.

ನಮ್ಮ ಮನೆ ಸಕಲೇಶಪುರದ ಹತ್ತಿರ. ನಾಲ್ಕು ಎಕರೆ ಕಾಫಿ. ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಕಾಫಿ ದುಡ್ಡು ಗೊಬ್ಬರಕ್ಕೆ, ಆಳಿಗೆ ಸರಿಹೋಗುತ್ತದೆ. ಮನೆ ಕಟ್ಟಿದ್ದು, ನನ್ನ ಕಾಲೇಜು ಫೀಸು, ಅಕ್ಕನ ಮದುವೆ, ಇವೆಲ್ಲ ಮೆಣಸಿನ ದುಡ್ಡು. ಮಲೆನಾಡಿನ, ಕೊಡಗಿನ ಎಷ್ಟೋ ಮನೆಗಳ ಲೆಕ್ಕ ಇದೇ.

2016ರ ಸುಮಾರಿಗೆ ಕೆ.ಜಿ.ಗೆ 700 ರೂಪಾಯಿಯ ಆಸುಪಾಸು ಇದ್ದ ಮೆಣಸು, ಎರಡು ವರ್ಷದಲ್ಲಿ 400ರಿಂದ ಕೆಳಗೆ ಇಳಿಯಿತು. ಆ ವರ್ಷ ಅಪ್ಪನ ಜೊತೆ ಮೂಟೆ ಹಾಕಿಕೊಂಡು ಮಂಡಿಗೆ ಹೋಗಿದ್ದೆ. ವ್ಯಾಪಾರಿ ಕಾಳು ಕೈಗೆ ಹಾಕಿಕೊಂಡು ನೋಡಿದರು, ದರ ಹೇಳಿದರು, ಆಮೇಲೆ "ಶ್ರೀಲಂಕಾ ಮಾಲು ಬಂದು ಬಿದ್ದಿದೆ ಗೌಡ್ರೇ, ನಾವೇನು ಮಾಡೋಣ" ಅಂದರು. ವಾಪಸು ಬರುವಾಗ ಅಪ್ಪ ಜೀಪಿನಲ್ಲಿ ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಶ್ರೀಲಂಕಾ ಅಂದರೆ ನನಗೆ ಒಂದು ಸಿಟ್ಟು. ಮೆಣಸು ಬೆಳೆದ ಆ ಜನ ಯಾರು ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಈ ಸಲ ಮಾತಲೆಗೇ ಬಂದದ್ದು ಅದಕ್ಕೆ.

ಅದಕ್ಕೂ ಮೊದಲು ಭಾರತ, ಶ್ರೀಲಂಕಾ ನಡುವಿನ ವ್ಯಾಪಾರ ಒಪ್ಪಂದದ ವಿಷಯ ಸ್ವಲ್ಪ ಹೇಳುತ್ತೇನೆ. ಇದು ಗೊತ್ತಿಲ್ಲದೆ ಆ ಮಂಡಿಯ ಮಾತು ಅರ್ಥವಾಗುವುದಿಲ್ಲ.

1998ರ ಡಿಸೆಂಬರ್ 28. ದೆಹಲಿಯಲ್ಲಿ ನಮ್ಮ ಪ್ರಧಾನಿ ವಾಜಪೇಯಿ, ಶ್ರೀಲಂಕಾದ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಇಬ್ಬರೂ ಕೂತು ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದರು. 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ಒಬ್ಬರ ಮಾಲು ಇನ್ನೊಬ್ಬರ ಬಂದರಿಗೆ ಬಂದಾಗ ಸುಂಕ ಬಿಡಬೇಕು, ಅಥವಾ ಕಡಿಮೆ ಮಾಡಬೇಕು. ಹಾಗಂತ ಎಲ್ಲದಕ್ಕೂ ಅಲ್ಲ. "ಇವುಗಳಿಗೆ ಮಾತ್ರ ಸುಂಕ ಬಿಡುವುದಿಲ್ಲ" ಅಂತ ಇಬ್ಬರೂ ಒಂದೊಂದು ಪಟ್ಟಿ ಇಟ್ಟುಕೊಂಡರು. ನಮ್ಮ ಪಟ್ಟಿಯಲ್ಲಿ 429 ವಸ್ತು, ಅವರ ಪಟ್ಟಿಯಲ್ಲಿ 1,180. ಸುಂಕ ಇಳಿಸಿ ಮುಗಿಸಲು ನಮಗೆ 3 ವರ್ಷ, ಅವರಿಗೆ 8 ವರ್ಷ. ಇದು ನನಗೆ ತುಂಬಾ ಹಿಡಿಸಿತು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಅನುಕೂಲಸ್ಥ ಅಣ್ಣ ಒಂದು ಗುಂಟೆ ಹೆಚ್ಚಿಗೆ ಬಿಟ್ಟುಕೊಡುತ್ತಾನಲ್ಲ, ಹಾಗೆ. ಸಣ್ಣ ದೇಶ ನಮ್ಮ ಸಾಮಾನಿನ ರಾಶಿಯಡಿ ಮುಚ್ಚಿಹೋಗಬಾರದು ಅನ್ನುವ ಯೋಚನೆ ಆ ಕಾಗದದಲ್ಲಿ ಇದೆ.

ಅದೇ ಕಾಗದದಲ್ಲಿ ಇನ್ನೊಂದು ಷರತ್ತೂ ಇದೆ. ಮಾಲು ಲಂಕೆಯದೇ ಆಗಿರಬೇಕು. ಅಲ್ಲೇ ಬೆಳೆದಿರಬೇಕು. ಕಾರ್ಖಾನೆಯ ಸಾಮಾನಾದರೆ ಅದರ ಬೆಲೆಯಲ್ಲಿ ಕನಿಷ್ಠ 35 ಪರ್ಸೆಂಟ್ ಅಲ್ಲಿ ಕೂಡಿರಬೇಕು. ಅದಕ್ಕೊಂದು ಸರ್ಟಿಫಿಕೇಟ್ ಬೇಕು, ಅವರ ವಾಣಿಜ್ಯ ಇಲಾಖೆ ಕೊಡುತ್ತದೆ. ಮೂಲ ಪ್ರಮಾಣಪತ್ರ ಅನ್ನುತ್ತಾರೆ. ಇಡೀ ಒಪ್ಪಂದ ನಿಂತಿರುವುದು ಆ ಒಂದು ಹಾಳೆಯ ಮೇಲೆ. ಅದು ಉತ್ತರ ಕೊಡಬೇಕಾದ ಪ್ರಶ್ನೆ ಒಂದೇ. ಇದು ಎಲ್ಲಿ ಬೆಳೆದದ್ದು?

ಒಪ್ಪಂದ ಬಂದ ಹೊಸದರಲ್ಲೇ ವನಸ್ಪತಿಯಲ್ಲಿ, ಅಂದರೆ ಡಾಲ್ಡಾದಂಥ ಅಡುಗೆ ಕೊಬ್ಬಿನಲ್ಲಿ, ಈ ಗೋಜಲು ಶುರುವಾಗಿತ್ತು. ಆಗ ಲಂಕೆಯಲ್ಲಿ ತಾಳೆ ಎಣ್ಣೆಗೆ ಸುಂಕ ಕಡಿಮೆ ಇತ್ತು, ನಮ್ಮಲ್ಲಿ ಜಾಸ್ತಿ. ನಮ್ಮ ಕಡೆಯ ಹೂಡಿಕೆದಾರರೇ ಅಲ್ಲಿ ಹೋಗಿ ಕಾರ್ಖಾನೆ ಹಾಕಿದರು. ಹೊರಗಿನಿಂದ ಬಂದ ತಾಳೆ ಎಣ್ಣೆ ಅಲ್ಲಿ ವನಸ್ಪತಿ ಆಗಿ ನಮ್ಮಲ್ಲಿಗೆ ಬಂತು. ಕೊನೆಗೆ 2006ರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಟನ್ ಅಂತ ಮಿತಿ ಹಾಕಬೇಕಾಯಿತು. ತಾಮ್ರದಲ್ಲೂ ಇಂಥದೇ ತಕರಾರು.

ಆಮೇಲೆ ಮೆಣಸಿನ ಸರದಿ. ಲಂಕೆಯ ಮೆಣಸು ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಬಹುದು. ಅದಕ್ಕಿಂತ ಹೆಚ್ಚು ಬಂದರೆ, ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ಸಾಫ್ಟಾ ವ್ಯಾಪಾರ ಒಪ್ಪಂದದಡಿ 8 ಪರ್ಸೆಂಟ್ ಸುಂಕ. ವಿಯೆಟ್ನಾಂ ಮೆಣಸು ನೇರವಾಗಿ ಬಂದರೆ ಸುಂಕ 50 ಪರ್ಸೆಂಟ್‌ಗೂ ಜಾಸ್ತಿ ಇತ್ತು. ಲೆಕ್ಕ ಹಾಕಿ ನೋಡಿ. 100 ರೂಪಾಯಿಯ ವಿಯೆಟ್ನಾಂ ಮೆಣಸು ನೇರ ಬಂದರೆ 150 ದಾಟುತ್ತದೆ. ಅದೇ ಮೂಟೆ ಕೊಲಂಬೊದಲ್ಲಿ ಇಳಿದು, ಚೀಲ ಬದಲಾಗಿ, "ಲಂಕೆಯಲ್ಲಿ ಬೆಳೆದದ್ದು" ಅನ್ನುವ ಹಾಳೆ ಹಿಡಿದುಕೊಂಡು ಬಂದರೆ 108. ಇಷ್ಟು ದೊಡ್ಡ ಅಂತರ ಇರುವಾಗ ಯಾರಾದರೂ ಆ ದಾರಿ ಹುಡುಕದೆ ಬಿಡುತ್ತಾರಾ?

ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರು ದೆಹಲಿಯವರೆಗೂ ಹೋಗಿ ಕೂಗಿದ್ದು ಇದಕ್ಕೇ. ದರ ಬಿದ್ದದ್ದಕ್ಕೆ ಇದೊಂದೇ ಕಾರಣ ಅಲ್ಲ. ವಿಯೆಟ್ನಾಂನಲ್ಲಿ ಬೆಳೆ ವಿಪರೀತ ಜಾಸ್ತಿಯಾಗಿ ಇಡೀ ಲೋಕದಲ್ಲೇ ಮೆಣಸಿನ ದರ ಇಳಿಯುತ್ತಿತ್ತು. ಆದರೂ ಬಾಗಿಲಿಗೆ ಅಡ್ಡ ಹಲಗೆ ಇಡಲೇಬೇಕಿತ್ತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ದರ ಅಂತ ಕೆ.ಜಿ.ಗೆ 500 ರೂಪಾಯಿ ಗೊತ್ತು ಮಾಡಿತು. ಮುಂದಿನ ಮಾರ್ಚ್‌ನಲ್ಲಿ, 500ಕ್ಕಿಂತ ಕಡಿಮೆ ದರದ ಮೆಣಸು ತರುವುದೇ ನಿಷೇಧ ಅಂತ ಬಿಗಿ ಮಾಡಿತು. ಮನೆಯಲ್ಲಿ ಅಪ್ಪ ಆ ಪೇಪರ್ ಕತ್ತರಿಸಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಇಟ್ಟಿದ್ದರು.

ಈಗ ಮತ್ತೆ ಆ ರಸ್ತೆ ಬದಿಗೆ ಬನ್ನಿ.

ನನ್ನ ಡ್ರೈವರ್ ಅಣ್ಣ ತಮಿಳಿನವರು, ಸಿಂಹಳವೂ ಬರುತ್ತದೆ. ತೋಟದ ಕೆಲಸಕ್ಕೆ ಬರುವವರ ಜೊತೆ ಮಾತಾಡಿ ಮಾತಾಡಿ ನನಗೂ ಸ್ವಲ್ಪ ತಮಿಳು ಗೊತ್ತು. ಹಾಗಾಗಿ ನನ್ನ ಪ್ರಶ್ನೆ ತಮಿಳಿನಲ್ಲಿ ಹೊರಟು, ಸಿಂಹಳದಲ್ಲಿ ಅಜ್ಜನಿಗೆ ತಲುಪಿ, ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತು. ಅಜ್ಜ ಮೊದಲು ಬಳ್ಳಿ ತೋರಿಸಿದರು. ಇಲ್ಲಿ ಮೆಣಸು ಹಬ್ಬಿರುವುದು ಗ್ಲಿರಿಸಿಡಿಯಾ ಗಿಡಕ್ಕೆ, ನಾವು ಗೊಬ್ಬರದ ಗಿಡ ಅನ್ನುತ್ತೇವಲ್ಲ, ಅದು. ಏಣಿ ಅಷ್ಟು ಎತ್ತರ ಬೇಕಾಗುವುದಿಲ್ಲ. ನಮ್ಮಲ್ಲಿ ಸಿಲ್ವರ್ ಓಕ್‌ಗೆ ಮೂವತ್ತು ಅಡಿ ಏಣಿ ಇಟ್ಟು ಹತ್ತುವಾಗ ಕೆಳಗೆ ನಿಂತವರ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಕಾಲವೂ ಬೇರೆ. ಜೂನ್ ತಿಂಗಳಲ್ಲಿ ನಾವು ಮಳೆಯಲ್ಲಿ ಬಳ್ಳಿಗೆ ಸೊರಗು ರೋಗ ಬರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಯುತ್ತಿರುತ್ತೇವೆ. ಇವರಿಗೆ ಇದೇ ದೊಡ್ಡ ಕೊಯ್ಲು.

ಅಜ್ಜ ನಾಲ್ಕು ಒಣಗಿದ ಕಾಳು ನನ್ನ ಕೈಗೆ ಹಾಕಿದರು. ನಮ್ಮದಕ್ಕಿಂತ ಸಣ್ಣ, ಹಗುರ. ಹಲ್ಲಿನಲ್ಲಿ ಒಂದು ಕಡಿದೆ. ಅಬ್ಬಾ. ಖಾರ ನಾಲಿಗೆಯಲ್ಲಿ ನಿಲ್ಲಲಿಲ್ಲ, ಕಿವಿಯವರೆಗೆ ಹೋಯಿತು. ಲಂಕೆಯ ಮೆಣಸಿನಲ್ಲಿ ಖಾರ ಕೊಡುವ ಪೈಪರಿನ್ ಜಾಸ್ತಿ, ಎಣ್ಣೆ ಜಾಸ್ತಿ. ಪೂರ್ತಿ ಬಲಿಯುವ ಮೊದಲೇ ಕೊಯ್ದ ಕಾಳು ಸತ್ವ ತೆಗೆಯುವ ಕಾರ್ಖಾನೆಗಳಿಗೆ ಬೇಕೇ ಬೇಕು. ಕೊಚ್ಚಿಯ ಕಡೆಯ ಅಂಥ ಕಾರ್ಖಾನೆಗಳು ಇದನ್ನು ಹುಡುಕಿಕೊಂಡು ಕೊಳ್ಳುತ್ತವೆ. ಅಂದರೆ ಇದಕ್ಕೂ ನಮ್ಮ ಮೆಣಸಿಗೂ ನೇರ ಪೈಪೋಟಿಯೇ ಇರಬೇಕಾಗಿಲ್ಲ. ದಪ್ಪ ಕಾಳು, ಒಳ್ಳೆ ತೂಕ ನಮ್ಮದು. ಘಾಟು ಇವರದು.

2018ರಲ್ಲಿ ಏನಾಯಿತು ಅಂತ ಕೇಳಿದೆ. ಅಜ್ಜ ಗೋಣಿತಾಟಿನ ಅಂಚು ಸರಿ ಮಾಡುತ್ತಲೇ ಹೇಳಿದರು. ಹೊರಗಿನ ಮೆಣಸು ಕೊಲಂಬೊಗೆ ಬಂದಾಗ ಇಲ್ಲಿಯೂ ದರ ಬಿತ್ತು. ಆಮೇಲೆ ಇಂಡಿಯಾ ಬಾಗಿಲು ಹಾಕಿದಾಗ ಇನ್ನೂ ಬಿತ್ತು. ಅವರ ಮೆಣಸು 500 ರೂಪಾಯಿ ಬಾಳುತ್ತಿರಲಿಲ್ಲ, ಹಾಗಾಗಿ ನಿಜವಾಗಿ ಇಲ್ಲೇ ಬೆಳೆದದ್ದಕ್ಕೂ ದಾರಿ ಮುಚ್ಚಿತು. "ನಮ್ಮ ಹೆಸರು ಹಾಕಿಕೊಂಡು ಬೇರೆಯವರ ಮೆಣಸು ಹೋಯಿತು. ನಮ್ಮ ಮೆಣಸು ಇಲ್ಲೇ ಉಳಿಯಿತು."

ನಾನು ಸ್ವಲ್ಪ ಹೊತ್ತು ಕ್ಯಾಮೆರಾ ಆಫ್ ಮಾಡಿದೆ. ಮಂಡಿಯಿಂದ ವಾಪಸು ಬರುವಾಗ ಜೀಪಿನಲ್ಲಿದ್ದ ಅಪ್ಪನ ಮುಖ ನೆನಪಾಯಿತು. ಅದೇ ಹೊತ್ತಿಗೆ ಇಲ್ಲಿ ಇವರೂ ಮೂಟೆ ಹೊತ್ತು ವಾಪಸು ಬರುತ್ತಿದ್ದರು.

ಅದಕ್ಕೇ ಈಗ ನನಗೆ ಅನ್ನಿಸುವುದು, ಜಗಳ ಇದ್ದದ್ದು ಒಪ್ಪಂದದ ಜೊತೆ ಅಲ್ಲ. ಆ ಹಾಳೆಯ ಮೇಲೆ ಸುಳ್ಳು ಬರೆಸಿದವರ ಜೊತೆ. 500ರ ದರ ನಮಗೆ ಬೇಕಿತ್ತು, ಆ ವರ್ಷ ಬೇರೆ ದಾರಿ ಇರಲಿಲ್ಲ. ಆದರೆ ಆ ಕೊಡಲಿ ಕಳೆಗೂ ಬಿತ್ತು, ಬೆಳೆಗೂ ಬಿತ್ತು. ಆಮೇಲೆ ಆದ ಎರಡು ಕೆಲಸ ನನಗೆ ಹೆಚ್ಚು ಸರಿ ಕಾಣುತ್ತದೆ. 2019ರ ಕೊನೆಯಲ್ಲಿ ಶ್ರೀಲಂಕಾ ಸರ್ಕಾರವೇ, ಮರು ರಫ್ತಿಗೆ ಅಂತ ಮೆಣಸು, ಅಡಿಕೆ ಇತ್ಯಾದಿ ಹೊರಗಿನಿಂದ ತರುವುದನ್ನು ನಿಲ್ಲಿಸಿತು. 2020ರ ಸೆಪ್ಟೆಂಬರ್‌ನಿಂದ ನಮ್ಮ ಕಸ್ಟಮ್ಸ್‌ನವರು ಹೊಸ ನಿಯಮ ತಂದರು. ಬರೀ ಸರ್ಟಿಫಿಕೇಟ್ ತೋರಿಸಿದರೆ ಸಾಲದು, ಮಾಲು ಹೇಗೆ ಆ ದೇಶದ್ದು ಅನ್ನುವ ವಿವರ ತರಿಸಿಕೊಂಡವನ ಕೈಯಲ್ಲೇ ಇರಬೇಕು. ಕಷ್ಟದ ಕೆಲಸ, ನಿಧಾನದ ಕೆಲಸ. ಆದರೆ ಬಾಗಿಲು ಮುಚ್ಚುವ ಬದಲು ಬಾಗಿಲಲ್ಲಿ ನಿಂತು ಕೇಳುವ ಕೆಲಸ.

ದಾರಿಯಲ್ಲಿ ಇನ್ನೊಂದು ಮಾತು ಬಂತು. ವಿಷಯ ಬೇರೆ, ಆದರೂ ಹೇಳದೆ ಇರಲಾಗುವುದಿಲ್ಲ. ನಾನು ಕರ್ನಾಟಕದವಳು ಅಂದ ಕೂಡಲೇ ಡ್ರೈವರ್ ಅಣ್ಣ, "ಸುಳ್ಯ ಗೊತ್ತಾ ತಂಗಚ್ಚಿ?" ಅಂತ ಕೇಳಿದರು. ಮಾತಲೆಯ ರಸ್ತೆಯಲ್ಲಿ ಸುಳ್ಯದ ಹೆಸರು! ಅವರ ಅಜ್ಜನ ತಮ್ಮ ಅಲ್ಲಿಗೆ ಹೋದವರಂತೆ. 1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದ ಮಾಡಿಕೊಂಡರು. ಟೀ ತೋಟಗಳಲ್ಲಿ ತಲೆಮಾರಿನಿಂದ ದುಡಿಯುತ್ತಿದ್ದ, ಭಾರತ ಮೂಲದ ತಮಿಳರಲ್ಲಿ 5,25,000 ಜನ ಭಾರತಕ್ಕೆ, 3 ಲಕ್ಷ ಜನ ಲಂಕೆಗೆ ಅಂತ ಲೆಕ್ಕ. ಹಾಗೆ ಬಂದವರಲ್ಲಿ ಒಂದಷ್ಟು ಜನರಿಗೆ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಕೆಲಸ ಸಿಕ್ಕಿತು. ಡ್ರೈವರ್ ಅಣ್ಣನ ಅಜ್ಜ ಇಲ್ಲಿ ಉಳಿದರು, ಆ ಅಜ್ಜನ ತಮ್ಮ ಅಲ್ಲಿಗೆ ಹೋದರು. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ನಿಂತಿತು. ಅವರು ರಸ್ತೆ ನೋಡಿಕೊಂಡೇ ಹೇಳುತ್ತಿದ್ದರು. ಮೆಣಸಿನ ಮೂಟೆಗೆ "ಎಲ್ಲಿಯದು" ಅಂತ ಕೇಳುವುದು ಸರಿ. ಮನುಷ್ಯರಿಗೂ ಅದೇ ಪ್ರಶ್ನೆ ಕೇಳಿ, ಲಕ್ಷದ ಲೆಕ್ಕದಲ್ಲಿ ಹಂಚಿದ್ದರಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಮಧ್ಯಾಹ್ನ ಅಜ್ಜನ ಮನೆ ಹತ್ತಿರದ ಪೇಟೆಯಲ್ಲಿ ಊಟ. ಅನ್ನ, ಬೇಳೆ, ಹಲಸಿನಕಾಯಿ ಪಲ್ಯ, ತೆಂಗಿನಕಾಯಿ ಸಂಬಲ್. ಕ್ಯೂಆರ್ ಕೋಡ್ ಕಂಡು ಫೋನ್ ತೆಗೆದೆ. ಹೌದು, ಇಲ್ಲಿ ನಮ್ಮ ಯುಪಿಐ ನಡೆಯುತ್ತದೆ, 2024ರ ಫೆಬ್ರವರಿಯಿಂದ. ಹೋಟೆಲಿನ ಅಮ್ಮ 2022ರ ಆರ್ಥಿಕ ಬಿಕ್ಕಟ್ಟಿನ ದಿನಗಳನ್ನು ನೆನೆಸಿಕೊಂಡರು. ಗ್ಯಾಸ್ ಇಲ್ಲ, ಪೆಟ್ರೋಲ್ ಇಲ್ಲ, ಔಷಧಿ ಇಲ್ಲ. ಆ ವರ್ಷ ಭಾರತ ಸುಮಾರು 400 ಕೋಟಿ ಡಾಲರ್‌ನಷ್ಟು ನೆರವು ಕೊಟ್ಟಿತ್ತು, ಸಾಲವಾಗಿ, ಇಂಧನವಾಗಿ, ಅಕ್ಕಿಯಾಗಿ. "ಆಗ ನಿಮ್ಮ ಅಕ್ಕಿ ಉಂಡಿದ್ದೇವೆ" ಅಂತ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

ಹೊರಡುವ ಮೊದಲು ಅಜ್ಜನಿಗೆ ಹೇಳಿ ಹೋಗೋಣ ಅಂತ ಮತ್ತೆ ನಿಲ್ಲಿಸಿದೆವು. ಅಷ್ಟು ಹೊತ್ತಿಗೆ ಅಪ್ಪನ ವಿಡಿಯೋ ಕಾಲ್. ಅಲ್ಲಿ ಜೋರು ಮಳೆ, ಹಂಚಿನ ಮೇಲೆ ಬೀಳುವ ಸದ್ದು ಇಲ್ಲಿಗೇ ಕೇಳುತ್ತಿದೆ. ಕ್ಯಾಮೆರಾ ತಿರುಗಿಸಿ ಮೆಣಸು ತೋರಿಸಿದೆ. ಅಪ್ಪ ಹೇಗಿದ್ದೀಯ ಅಂತ ಕೂಡ ಕೇಳಲಿಲ್ಲ. "ಪುಟ್ಟಿ, ಲೀಟರ್ ತೂಕ ಎಷ್ಟು ಬರುತ್ತೆ ಅಂತ ಕೇಳು" ಅಂದರು.

ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ಕಾಳು ತೂಗುತ್ತದೆ ಅನ್ನುವುದರ ಮೇಲೆ ಮೆಣಸಿನ ದರ ನಿಲ್ಲುತ್ತದೆ. 550 ಬಂದರೆ ಒಳ್ಳೆ ಮಾಲು. ನಾನು ತಮಿಳಿನಲ್ಲಿ ಕೇಳಿದೆ, ಅಣ್ಣ ಸಿಂಹಳದಲ್ಲಿ ಕೇಳಿದರು. ಅಜ್ಜನಿಗೆ ಪ್ರಶ್ನೆ ಪೂರ್ತಿ ಕೇಳುವ ಮೊದಲೇ ಅರ್ಥವಾಯಿತು. ಒಳಗೆ ಹೋಗಿ ಹಳೆ ಅಲ್ಯೂಮಿನಿಯಂ ಲೋಟವೊಂದು ತಂದರು. ಒಣಗಿದ ಕಡೆಯಿಂದ ತುಂಬಿ, ಬೆರಳಿನಲ್ಲಿ ಮಟ್ಟ ಮಾಡಿ, ಫೋನಿನ ಎದುರು ಹಿಡಿದರು. ಅಪ್ಪ ಕನ್ನಡಕ ಹಾಕಿಕೊಂಡು ಪರದೆಗೆ ಮುಖ ತಂದರು.

"ಹಗುರ ಇದೆ. ಆದ್ರೆ ಚೆನ್ನಾಗಿ ಒಣಗಿಸಿದ್ದಾರೆ" ಅಂದರು.

ಅದನ್ನು ನಾನು ದಾಟಿಸಿದೆ. ಅಜ್ಜ ತಲೆಯಾಡಿಸಿ ಇನ್ನೇನೋ ಕೇಳಿದರು. ಡ್ರೈವರ್ ಅಣ್ಣ ನನ್ನ ಕಡೆ ತಿರುಗಿ, "ನಿಮ್ಮಪ್ಪನಿಗೆ ಈ ವರ್ಷ ಏನು ದರ ಸಿಕ್ಕಿತು ಅಂತ ಕೇಳ್ತಿದ್ದಾರೆ" ಅಂದರು. ನಾನು ಫೋನನ್ನು ಅಜ್ಜನ ಕೈಗೇ ಕೊಟ್ಟೆ.