ಹಸಿರು ಅಮೋನಿಯ ಮೊದಲು ಡಿಎಪಿಗೆ ಹೋಗಲಿ

ಹಸಿರು ಅಮೋನಿಯ, ಅಂದ್ರೆ ಸೋಲಾರ್, ಗಾಳಿ ಕರೆಂಟಿನಿಂದ ನೀರು ಒಡೆದು ತೆಗೆದ ಹೈಡ್ರೋಜನ್‌ನಿಂದ ಮಾಡೋ ಅಮೋನಿಯ, ಬಂದುಬಿಟ್ರೆ ಯೂರಿಯಾ ಕಾರ್ಖಾನೆಗೆ ನೈಸರ್ಗಿಕ ಅನಿಲವೇ ಬೇಡ ಅಂತ ಸುಮಾರು ಜನ ಹೇಳ್ತಿದ್ದಾರೆ. ಲೆಕ್ಕ ಹಾಕಿದ್ರೆ ಆ ಮಾತು ನಿಲ್ಲಲ್ಲ.

ಒಂದು ಟನ್ ಯೂರಿಯಾಕ್ಕೆ ಸುಮಾರು 570 ಕಿಲೋ ಅಮೋನಿಯ ಬೇಕು. ಅದರ ಜೊತೆ 730 ಕಿಲೋಗೂ ಮೇಲೆ ಕಾರ್ಬನ್ ಡೈಆಕ್ಸೈಡ್ ಬೇಕು. ಇದನ್ನೇ ಮರೀತಾರೆ. ನಮ್ಮ ಮಂಗಳೂರು ಪಣಂಬೂರಿನ ಎಂಸಿಎಫ್ (ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್) ಥರದ ಗೊಬ್ಬರ ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲವನ್ನ ಹಬೆ ಜೊತೆ ಕಾಯಿಸಿ ಹೈಡ್ರೋಜನ್ ತೆಗೀತಾರೆ. ಅಲ್ಲೇ ಹುಟ್ಟೋ ಕಾರ್ಬನ್ ಡೈಆಕ್ಸೈಡನ್ನ ಬೇರ್ಪಡಿಸಿ ಪಕ್ಕದ ಯೂರಿಯಾ ಘಟಕಕ್ಕೆ ಕೊಡ್ತಾರೆ. ಕರೆಂಟಿನಿಂದ ನೀರು ಒಡೆದ್ರೆ ಸಿಗೋದು ಹೈಡ್ರೋಜನ್ನು, ಆಕ್ಸಿಜನ್ನು ಅಷ್ಟೇ. ಕಾರ್ಬನ್ ಎಲ್ಲಿಂದ ತರೋದು?

ಡಿಎಪಿ ಅನ್ನೋ ರಂಜಕದ ಗೊಬ್ಬರಕ್ಕೆ ಆ ತಾಪತ್ರಯ ಇಲ್ಲ. ಫಾಸ್ಫಾರಿಕ್ ಆಸಿಡ್‌ಗೆ ಅಮೋನಿಯ ಬೆರೆಸಿ ಹರಳು ಮಾಡೋದು. ಟನ್ನಿಗೆ 220 ಕಿಲೋ ಅಮೋನಿಯ ಸಾಕು. ಈ ಗೊಬ್ಬರ ಮಾಡೋ ಎಷ್ಟೋ ಕಾರ್ಖಾನೆಗಳು ಈಗಲೂ ಹಡಗಲ್ಲಿ ಬರೋ ಅಮೋನಿಯವನ್ನೇ ನಂಬಿವೆ. ಅದನ್ನ ದ್ರವವಾಗಿ ಇಡೋ ಮೈನಸ್ 33 ಡಿಗ್ರಿಯ ಟ್ಯಾಂಕು ಬಂದರಿನ ಹತ್ತಿರ ಆಗಲೇ ಇದೆ. ಕೇಂದ್ರ ಸರ್ಕಾರದ ಸೌರಶಕ್ತಿ ನಿಗಮ ಸೆಕಿ 2025ರಲ್ಲಿ ನಡೆಸಿದ ಹರಾಜಲ್ಲಿ ಒಡಿಶಾದ ಗೊಬ್ಬರ ಕಾರ್ಖಾನೆ ಪರದೀಪ್ ಫಾಸ್ಫೇಟ್ಸ್‌ಗೆ ವರ್ಷಕ್ಕೆ 75,000 ಟನ್ ಹಸಿರು ಅಮೋನಿಯ ಕೊಡೋಕೆ ಕಿಲೋಗೆ 55 ರೂಪಾಯಿ 75 ಪೈಸೆ ದರ ಬಂತು. ನಿಜವಾದ ಗಿರಾಕಿ ಇರೋದು ಇಲ್ಲೇ. ಅಮೋನಿಯವನ್ನ ಹಡಗಿಗೆ ಇಂಧನ ಮಾಡೋಣ ಅನ್ನೋ ಮಾತು ಆಮೇಲೆ ಇರಲಿ: ತೂಕಕ್ಕೆ ತೂಕ ನೋಡಿದ್ರೆ ಅಮೋನಿಯದ ಶಕ್ತಿ ಡೀಸೆಲ್‌ನ ಅರ್ಧಕ್ಕಿಂತ ಕಡಿಮೆ, ಸೋರಿದ್ರೆ ಜೀವಕ್ಕೇ ಅಪಾಯ.

ದರ ನಿಂತಿರೋದು ಕರೆಂಟಿನ ಮೇಲೆ. ಒಂದು ಕಿಲೋ ಅಮೋನಿಯದಲ್ಲಿ 176 ಗ್ರಾಂ ಹೈಡ್ರೋಜನ್ ಇರುತ್ತೆ, ಅದನ್ನ ನೀರಿನಿಂದ ತೆಗೆಯೋಕೇ 9ರಿಂದ 10 ಯೂನಿಟ್ ಕರೆಂಟು ಬೇಕು. ಯೂನಿಟ್ಟಿಗೆ ಒಂದು ರೂಪಾಯಿ ಏರಿದ್ರೆ ಕಿಲೋ ಅಮೋನಿಯಕ್ಕೆ ಹತ್ತಿರ ಹತ್ತು ರೂಪಾಯಿ ಏರುತ್ತೆ. ಬರೀ ಸೋಲಾರ್ ನೆಚ್ಚಿಕೊಂಡ್ರೆ ಇನ್ನೊಂದು ತೊಂದರೆ. ನೀರು ಒಡೆಯೋ ಯಂತ್ರ ಎಲೆಕ್ಟ್ರೋಲೈಸರನ್ನ ಸಂಜೆ ಬಿಸಿಲು ಹೋದಾಗ ನಿಧಾನ ಮಾಡಬಹುದು. 400 ಡಿಗ್ರಿ ಮೇಲೆ, 150 ಬಾರ್ ಒತ್ತಡದಲ್ಲಿ ಓಡೋ, ಹೈಡ್ರೋಜನ್ನು ನೈಟ್ರೋಜನ್ನು ಸೇರಿಸಿ ಅಮೋನಿಯ ಮಾಡೋ ಕನ್ವರ್ಟರನ್ನ ಮಾತ್ರ ದಿನಾ ಆರಿಸಿ ಕಾಯಿಸೋಕಾಗಲ್ಲ, ಲೋಹ ದಣಿಯುತ್ತೆ, ಆ ಕ್ರಿಯೆಗೆ ವೇಗ ಕೊಡೋ ಕ್ಯಾಟಲಿಸ್ಟ್ ಕೆಡುತ್ತೆ. ಹೈಡ್ರೋಜನ್ ಕೂಡಿಡಬೇಕು, ಇಲ್ಲ ರಾತ್ರಿ ಗಾಳಿ ಕರೆಂಟು ಬೇಕು. ಪಾವಗಡದ ಬಿಸಿಲು, ಗದಗ-ಚಿತ್ರದುರ್ಗದ ಗಾಳಿ ಎರಡೂ ಇರೋ ನಮ್ಮ ರಾಜ್ಯ ಈ ಅವಕಾಶ ಬಿಡಬಾರದು.

ಕೊಳ್ಳೋ ಕಂಪನಿಗಳಿಗೆ ಒಂದು ಮಾತು. ತೀರಾ ಒಣ ಅಮೋನಿಯಕ್ಕೆ ಚೂರು ಆಕ್ಸಿಜನ್ ಸೇರಿದ್ರೆ ಉಕ್ಕಿನ ಟ್ಯಾಂಕಿನ ಬೆಸುಗೆ ಹತ್ತಿರ ಸೀಳು ಬಿಡಬಹುದು. ನೀರಿನಂಶ ಕನಿಷ್ಠ 0.2 ಪರ್ಸೆಂಟ್ ಇರಬೇಕು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ.